ರೀಬೆ: ನೀರಿನ ಲೆಕ್ಕ ಬರೆದಿಟ್ಟ ಊರು

ಶುಕ್ರವಾರ ಸಂಜೆ

ರೀಬೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನಮ್ಮನ್ನು ಎದುರುಗೊಂಡಿದ್ದು ಗಾಳಿ. ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಒಂದೇ ಸಮನೆ ಬೀಸುವ ಗಾಳಿ. ಜೂನ್ ತಿಂಗಳು, ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಅತ್ತೆ ಸ್ವೆಟರ್ ಹಾಕಿಕೊಂಡು ಅದರ ಮೇಲೆ ತಮ್ಮ ಹಸಿರು ಶಾಲು ಹೊದ್ದರು. ಎಸ್‌ಬ್ಯೆರ್ಗ್‌ನಿಂದ ಇಲ್ಲಿಗೆ ಪುಟ್ಟ ರೈಲು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಕಿಟಕಿಯಾಚೆ ಕಣ್ಣು ಹಾಯಿಸಿದಷ್ಟೂ ಚಪ್ಪಟೆ ಹುಲ್ಲುಗಾವಲು, ದನಗಳು, ನೀರು ಹರಿಯುವ ಸಣ್ಣ ಕಾಲುವೆಗಳು. ಎಲ್ಲೂ ಒಂದು ದಿಣ್ಣೆ ಇಲ್ಲ. ರೀಬೆ ಬರುವುದಕ್ಕೆ ಬಹಳ ಮೊದಲೇ ಅಲ್ಲಿಯ ಕೆಥೆಡ್ರಲ್ಲಿನ ದಪ್ಪ ಚೌಕ ಗೋಪುರ ಕಾಣಿಸಿತು.

ಡೆನ್ಮಾರ್ಕಿನ ನೈಋತ್ಯ ಮೂಲೆಯಲ್ಲಿರುವ ಈ ಊರಿನಲ್ಲಿ ಈಗ ಇರುವವರು ಸುಮಾರು 8,000 ಜನ. ಇದು ಆ ದೇಶದ ಅತ್ಯಂತ ಹಳೆಯ ಊರು. 8ನೇ ಶತಮಾನದ ಶುರುವಿನಲ್ಲೇ ಇಲ್ಲಿ ನದಿಯ ದಂಡೆಯ ಮೇಲೆ ಸಂತೆ ನಡೆಯುತ್ತಿತ್ತು. ಬಾಚಣಿಗೆ ಮಾಡುವವರು, ಗಾಜಿನ ಮಣಿ ಮಾಡುವವರು ಬಂದು ಕೂರುತ್ತಿದ್ದರು. ಸ್ಟೇಷನ್ನಿನ ಎದುರೇ ಇರುವ ವೈಕಿಂಗ್ ಮ್ಯೂಸಿಯಂನಲ್ಲಿ ಆ ಮಣಿಗಳಿವೆ. ಒಂದೊಂದೂ ಕಡಲೆಕಾಳಿಗಿಂತ ಚಿಕ್ಕದು, ಅದರೊಳಗೆ ಬಣ್ಣದ ಪಟ್ಟೆಗಳು. ಅತ್ತೆ ಆ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತವರು ಬಾಗಿಲು ಹಾಕುವ ಹೊತ್ತಾಯಿತು ಎಂದು ಹೇಳುವವರೆಗೂ ಕದಲಲಿಲ್ಲ.

ನಮ್ಮ ಕೋಣೆ ಒಂದು ಹಳೆಯ ಮನೆಯ ಮಹಡಿಯಲ್ಲಿ. ಊರೊಳಗೆ ಎಲ್ಲಾ ಕಲ್ಲು ಹಾಸಿದ ಬೀದಿಗಳು. ಚಕ್ರದ ಸೂಟ್‌ಕೇಸ್ ಎಳೆದರೆ ಇಡೀ ಬೀದಿಗೇ ಕೇಳುತ್ತದೆ, ಕೈಯೂ ನೋಯುತ್ತದೆ. ಬೆನ್ನಿಗೆ ಹಾಕುವ ಚೀಲವೇ ವಾಸಿ. ಮನೆಯೊಡತಿ ಬಾಗಿಲಲ್ಲಿ ನಿಂತು, ‘ತಲೆ ಬಗ್ಗಿಸಿ’ ಎಂದು ಮೊದಲೇ ಎಚ್ಚರಿಸಿದರು. ಮರದ ತೊಲೆಗಳು ಅಷ್ಟು ಕೆಳಗಿದ್ದವು. 1580ರಲ್ಲಿ ಊರಿಗೆ ದೊಡ್ಡ ಬೆಂಕಿ ಬಿದ್ದಿತ್ತಂತೆ. ಈಗ ಕಾಣುವ ಮರದ ಚೌಕಟ್ಟಿನ ಮನೆಗಳಲ್ಲಿ ಬಹಳಷ್ಟು ಆಮೇಲೆ ಕಟ್ಟಿದವು. ನೆಲ ಕುಸಿದ ಕಡೆ ಗೋಡೆ ವಾಲಿದೆ, ಕಿಟಕಿ ಓರೆಯಾಗಿದೆ. ಯಾರೂ ಅದನ್ನು ನೆಟ್ಟಗೆ ಮಾಡಲು ಹೋಗಿಲ್ಲ.

ಊಟಕ್ಕೆ ಮುಂಚೆ ಸುಮ್ನೆ ನದಿ ಕಡೆ ನಡೆದೆವು. ಹಿಂದೆ ಹಡಗುಗಳು ಬಂದು ನಿಲ್ಲುತ್ತಿದ್ದ ದಂಡೆ ಅದು. ಈಗ ಯೋಹಾನೆ ಡಾನ್ ಎಂಬ ಒಂದು ಹಳೇ ಕಾಲದ ಮಾದರಿಯ ಹಡಗು ನಿಂತಿದೆ. ತಳ ಚಪ್ಪಟೆ, ಇಲ್ಲಿಯ ಕಡಿಮೆ ಆಳದ ನೀರಿಗೆ ಹೊಂದುವಂಥದ್ದು. ಅದರ ಹತ್ತಿರವೇ ಒಂದು ಕಂಬ. ನಾವು ರೀಬೆಯಲ್ಲಿ ಮೊದಲು ನಿಂತು ನೋಡಿದ್ದು ಇದನ್ನೇ. ಕಂಬದ ಸುತ್ತ ಪಟ್ಟಿಗಳು, ಒಂದೊಂದು ಪಟ್ಟಿಗೂ ಒಂದೊಂದು ಇಸವಿ. ಸಮುದ್ರ ಊರೊಳಗೆ ನುಗ್ಗಿದಾಗ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು. ಎಲ್ಲಕ್ಕಿಂತ ಮೇಲಿನದು 1634. ನನ್ನ ಯಜಮಾನರು ಎತ್ತರದ ಆಳು. ಕೈ ಚಾಚಿ ಹಿಮ್ಮಡಿ ಎತ್ತಿ ನಿಂತರೂ ಆ ಪಟ್ಟಿ ಅವರಿಗೆ ಎಟುಕಲಿಲ್ಲ.

ಸಮುದ್ರ ಇಲ್ಲಿಂದ ಕಾಣುವುದೇ ಇಲ್ಲ. ಐದಾರು ಕಿಲೋಮೀಟರ್ ಆಚೆ ಇದೆ. 1634ರ ಅಕ್ಟೋಬರ್ 11ರ ರಾತ್ರಿ ಅಷ್ಟು ದೂರ ಬಂದ ನೀರು ಮಾಮೂಲಿ ಮಟ್ಟಕ್ಕಿಂತ ಆರು ಮೀಟರಿನಷ್ಟು ಮೇಲೇರಿತ್ತು. ಆ ರಾತ್ರಿ ಈ ಕರಾವಳಿಯ ಉದ್ದಕ್ಕೂ, ಜರ್ಮನಿಯ ಕಡೆಗೂ, ಸಾವಿರಾರು ಜನ ಸತ್ತರು. ಕಂಬದ ಹತ್ತಿರ ಐಸ್‌ಕ್ರೀಮ್ ತಿನ್ನುತ್ತಾ ಮಕ್ಕಳು ಓಡಾಡುತ್ತಿದ್ದರು.

ಶನಿವಾರ

ಬೆಳಿಗ್ಗೆ ಎಂಟಕ್ಕೆ ಕೆಥೆಡ್ರಲ್ಲಿನ ಗಂಟೆಗಳು ಒಂದು ರಾಗ ನುಡಿಸಿದವು. ಅದು ಬ್ರೋರ್ಸನ್ ಬರೆದ ಭಕ್ತಿಗೀತೆ ಎಂದು ಮನೆಯೊಡತಿ ಹೇಳಿದರು. 1741ರಿಂದ ಸಾಯುವವರೆಗೂ ಆತ ಇಲ್ಲಿಯ ಬಿಷಪ್ ಆಗಿದ್ದ, ಡೇನಿಶ್ ಭಾಷೆಯ ದೊಡ್ಡ ಭಕ್ತಿಕವಿ. ಆಕೆ ತಟ್ಟೆ ಜೋಡಿಸುತ್ತಲೇ ಮೊದಲ ಸಾಲನ್ನು ಗುನುಗಿದರು.

ತಿಂಡಿಗೆ ಬೇಕರಿಗೆ ಹೋದೆವು. ಶನಿವಾರ ಬೆಳಿಗ್ಗೆ ಊರಿನ ಅರ್ಧ ಜನ ಅಲ್ಲೇ ಸಾಲಿನಲ್ಲಿರುತ್ತಾರೆ. ಬಾಗಿಲ ಹತ್ತಿರದ ಯಂತ್ರದಿಂದ ನಂಬರ್ ಚೀಟಿ ತೆಗೆದುಕೊಂಡರಷ್ಟೇ ನಮ್ಮ ಸರದಿ ಬರುವುದು. ಚೀಟಿ ಇಲ್ಲದೆ ನಿಂತಿದ್ದ ನಮ್ಮ ಕೈಗೆ ಒಬ್ಬ ಅಜ್ಜಿ ತಾವೇ ಒಂದು ಚೀಟಿ ಕಿತ್ತುಕೊಟ್ಟರು. ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು, ಗಸಗಸೆ ಉದುರಿಸಿದ ಮಡಿಕೆ ಬನ್ನು, ಜೊತೆಗೆ ಬಿಸಿ ಕಾಫಿ. ಬೆಣ್ಣೆ ಪದರ ಪದರವಾಗಿ ಬಿಡುತ್ತಿತ್ತು. ಅತ್ತೆ ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಕೇಳಿ ಕೇಳಿ ಆರಿಸಬೇಕಾಯಿತು. ಕೌಂಟರಿನ ಹುಡುಗಿ ಬೇಸರವಿಲ್ಲದೆ ಒಳಗೆ ಹೋಗಿ ಬೇಕರ್‌ನನ್ನು ಕೇಳಿಕೊಂಡು ಬಂದಳು. ಕೊನೆಗೆ ಅತ್ತೆಗೆ ಸಿಕ್ಕಿದ್ದು ರೈ ಬ್ರೆಡ್, ಮೇಲೆ ದಪ್ಪ ಬೆಣ್ಣೆ, ಚೀಸ್. ಕಪ್ಪಗೆ, ಹುಳಿಯಾಗಿ, ಹಲ್ಲಿಗೆ ಕೆಲಸ ಕೊಡುವ ಬ್ರೆಡ್. ಮಧ್ಯಾಹ್ನದವರೆಗೂ ಹಸಿವಾಗಲಿಲ್ಲ ಎಂದರು.

ಕೆಥೆಡ್ರಲ್ ಒಳಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕು. ಇದು ನನಗೆ ಬಹಳ ಹಿಡಿಸಿತು. ಚರ್ಚ್ ಇದ್ದಲ್ಲೇ ಇದೆ, ಸುತ್ತಲಿನ ಚೌಕ ನೂರಾರು ವರ್ಷಗಳ ಮಣ್ಣು, ಬೂದಿ, ಕಸ ಸೇರಿ ಮೇಲೇರಿದೆ. 12ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿದಾಗ ಈ ಭಾಗದಲ್ಲಿ ಕಟ್ಟಲು ತಕ್ಕ ಕಲ್ಲು ಇರಲಿಲ್ಲ. ಜರ್ಮನಿಯ ರೈನ್ ನದಿಯ ಪ್ರದೇಶದಿಂದ ಜ್ವಾಲಾಮುಖಿ ಬೂದಿಯ ಹಗುರ ಕಲ್ಲನ್ನು ಹಡಗಿನಲ್ಲಿ ತಂದರು. ಒಳಗೆ ಕಂಬದ ಸಾಲುಗಳು ಬೇರ್ಪಡಿಸಿದ ಐದು ಉದ್ದನೆಯ ಅಂಕಣಗಳು. ಡೆನ್ಮಾರ್ಕಿನಲ್ಲಿ ಇಂಥದ್ದು ಇದೊಂದೇ ಚರ್ಚ್. 1634ರಲ್ಲಿ ಇಲ್ಲಿಗೂ ನೀರು ಬಂದಿತ್ತು, ಕಂಬವೊಂದರ ಮೇಲೆ ಅದರ ಗುರುತಿದೆ. ಹಿಂದಿನ ಸಂಜೆ ನೋಡಿದ ಪಟ್ಟಿ ಅಲ್ಲಿಗೇ ಮುಗಿದಿರಲಿಲ್ಲ.

ಪೂಜಾಪೀಠದ ಹಿಂದಿನ ಅರೆವೃತ್ತದಲ್ಲಿ ಮಾತ್ರ ಎಲ್ಲವೂ ಹೊಸದು. ಕಾರ್ಲ್-ಹೆನ್ನಿಂಗ್ ಪೆಡರ್ಸನ್ ಎಂಬ ಚಿತ್ರಕಾರ 1980ರ ದಶಕದಲ್ಲಿ ಅಲ್ಲಿ ಮೊಸಾಯಿಕ್, ಬಣ್ಣದ ಗಾಜು, ಗೋಡೆಚಿತ್ರ ಮಾಡಿದರು. ಗುಲಾಬಿ, ಹಳದಿ, ನೀಲಿ ಎಲ್ಲಾ ಗಾಢವಾಗಿ. ಆಗ ಊರಿನಲ್ಲಿ ತುಂಬಾ ವಾದ ನಡೆದಿತ್ತಂತೆ. ನನಗಂತೂ ಆ ಬೂದು ಕಲ್ಲಿನ ನಡುವೆ ಆ ಬಣ್ಣಗಳು ಇಷ್ಟವಾದವು. ಯಜಮಾನರಿಗೆ ಆಗಲಿಲ್ಲ. ಹೊರಗೆ ಬಂದ ಮೇಲೂ ನಮ್ಮ ವಾದ ಮುಂದುವರಿಯಿತು.

ಗೋಪುರ ಹತ್ತಲು 248 ಮೆಟ್ಟಿಲು. ಅತ್ತೆ ಕೆಳಗೆ ಬೆಂಚಿನ ಮೇಲೆ ಕೂತರು, ನಾವಿಬ್ಬರೂ ಹತ್ತಿದೆವು. ಮೊದಲು ಇಲ್ಲಿದ್ದ ಗೋಪುರ 1283ರ ಕ್ರಿಸ್‌ಮಸ್ ಬೆಳಿಗ್ಗೆ ಕುಸಿದು ಜನ ಸತ್ತರು. ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದ್ದು ಈಗಿನದು. ಊರಿನವರದೇ ಗೋಪುರ ಇದು, ಶತ್ರು ಬಂದರೂ ನೀರು ಬಂದರೂ ಇಲ್ಲಿಂದಲೇ ಗಂಟೆ ಬಾರಿಸುತ್ತಿದ್ದರು. ಮೇಲೆ ನಿಂತರೆ ಆ ಕೆಲಸ ಯಾಕೆ ಇಲ್ಲಿಂದಲೇ ಆಗಬೇಕಿತ್ತು ಎಂದು ಗೊತ್ತಾಗುತ್ತದೆ. ಕೆಂಪು ಹೆಂಚಿನ ಮನೆಗಳು ಮುಗಿದ ಕೂಡಲೇ ಹುಲ್ಲುಗಾವಲು, ಅದರಾಚೆ ನೇರ ಗೆರೆಯಂಥ ಹಸಿರು ಏರಿ, ಅದರಾಚೆ ಸಮುದ್ರ. 1911ರಿಂದ 1915ರ ನಡುವೆ ಆ ಏರಿ ಕಟ್ಟಿದರು. ಅಲ್ಲಿಯವರೆಗೆ ಊರಿಗೂ ಸಮುದ್ರಕ್ಕೂ ನಡುವೆ ಏನೂ ಅಡ್ಡ ಇರಲಿಲ್ಲ.

ಹನ್ನೆರಡಕ್ಕೆ ಮತ್ತೆ ಗಂಟೆಗಳ ಹಾಡು. ಈ ಸಲ ರಾಣಿ ಡಾಗ್ಮಾರ್‌ಳ ಲಾವಣಿ. ಬೊಹೀಮಿಯಾದಿಂದ ಮದುವೆಯಾಗಿ ಬಂದವಳು, ಎರಡನೇ ವಾಲ್ಡೆಮಾರ್ ರಾಜನ ಹೆಂಡತಿ, 1212ರಲ್ಲಿ ತೀರಿಕೊಂಡಳು. ರೀಬೆಯಲ್ಲಿ ರಾಣಿ ಕಾಯಿಲೆ ಬಿದ್ದಿದ್ದಾಳೆ ಎಂದು ಸುದ್ದಿ ಬಂದಾಗ ರಾಜ ನೂರು ಜನ ಸವಾರರ ಜೊತೆ ಹೊರಟ, ಊರು ಮುಟ್ಟುವಾಗ ಅವನೊಬ್ಬನೇ ಉಳಿದಿದ್ದ ಎನ್ನುತ್ತದೆ ಲಾವಣಿ. ಚೌಕದಲ್ಲಿ ತರಕಾರಿ ಚೀಲ ಹಿಡಿದು ಮಾತಾಡುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿ, ಹಾಡು ಮುಗಿದ ಮೇಲೆ ಮತ್ತೆ ಶುರು ಮಾಡಿದರು. ಮೂರು ಗಂಟೆಗೂ ಇದೇ ಹಾಡು ಬರುತ್ತದೆ.

ಮಧ್ಯಾಹ್ನದ ಊಟ ಆಲೂಗಡ್ಡೆಯ ತೆರೆದ ಸ್ಯಾಂಡ್‌ವಿಚ್. ರೈ ಬ್ರೆಡ್ಡಿನ ಮೇಲೆ ಬೇಯಿಸಿದ ಹೊಸ ಆಲೂಗಡ್ಡೆಯ ಬಿಲ್ಲೆಗಳು, ಹಸಿ ಈರುಳ್ಳಿ ಎಲೆ, ಗರಿಗರಿ ಹುರಿದ ಈರುಳ್ಳಿ. ಮಾಂಸ ತಿನ್ನದವರು ಡೆನ್ಮಾರ್ಕಿನಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು, ಎಲ್ಲಾ ಕಡೆ ಸಿಗುತ್ತದೆ. ಮೊಟ್ಟೆ ತಿನ್ನದವರು ಮಯೊನೀಸ್ ಬೇಡ ಎಂದು ಮಾತ್ರ ಮೊದಲೇ ಹೇಳಬೇಕು. ಯಜಮಾನರು ಬಕ್ಸ್‌ಕುಲ್ ಎಂಬ ಇಲ್ಲಿಯ ಮೀನು ತರಿಸಿದರು. ಉಪ್ಪು ಹಾಕಿ ಒಣಗಿಸಿ, ಹೊಗೆ ಹಾಕಿ, ಬೆಣ್ಣೆಯಲ್ಲಿ ಹುರಿದ ಚಪ್ಪಟೆ ಮೀನು. ವಾಸನೆ ಜೋರು, ರುಚಿ ಇನ್ನೂ ಜೋರು.

ಊಟ ಆದ ಮೇಲೆ ಗೊತ್ತುಗುರಿ ಇಲ್ಲದೆ ನಡೆದೆವು. ಸೋನ್ನರ್‌ಪೋರ್ಟ್ಸ್‌ಗೇಡ್ ಎಂಬ ಬೀದಿಯ ಒಂದು ಮನೆಯ ಮೇಲೆ ಫಲಕವಿದೆ. ಮಾರೆನ್ ಸ್ಪ್ಲೀಡ್ ಎಂಬ ಹೆಂಗಸು ಇದ್ದ ಜಾಗ. ಆಕೆಯ ಗಂಡ ಟೈಲರ್, ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು. 1637ರಲ್ಲಿ ಇನ್ನೊಬ್ಬ ಟೈಲರ್ ಆಕೆ ಮಾಟ ಮಾಡಿ ತನ್ನನ್ನು ಕಾಯಿಲೆ ಬೀಳಿಸಿದಳು ಎಂದು ದೂರು ಕೊಟ್ಟ. ರೀಬೆಯಲ್ಲಿ ಆಕೆಯನ್ನು ನಿರ್ದೋಷಿ ಎಂದೇ ಬಿಟ್ಟರು. ಅವನು ರಾಜ ನಾಲ್ಕನೇ ಕ್ರಿಶ್ಚಿಯನ್‌ವರೆಗೆ ಹೋದ. ಆಕೆಯನ್ನು ಕೋಪನ್‌ಹೇಗನ್ನಿಗೆ ಒಯ್ದು ಚಿತ್ರಹಿಂಸೆ ಕೊಟ್ಟು ಒಪ್ಪಿಸಿದರು. 1641ರ ನವೆಂಬರ್ 9ರಂದು ಊರ ಹೊರಗೆ ಸುಟ್ಟರು. ಮಾಟಗಾತಿಯರೆಂದು ಕೊಂದವರ ಬಗ್ಗೆ 2020ರಿಂದ ಇಲ್ಲೊಂದು ಮ್ಯೂಸಿಯಂ ಇದೆ. ಅದನ್ನು ನೋಡಿ ಬಂದ ಮೇಲೆ ನಮಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ದೂರು ಕೊಟ್ಟವನೂ ಟೈಲರ್, ಅದೇ ಊರಿನವನು. ಅತ್ತೆ ಹೇಳಿದ್ದು ಇಷ್ಟೇ: ‘ಅವಳ ಹೆಸರಾದರೂ ಉಳಿಸಿದ್ದಾರಲ್ಲ.’

ಮುಖ್ಯ ಬೀದಿ ನಿಜವಾಗಿ ಒಡ್ಡುಗಳ ಮೇಲೆ ಇದೆ. ಗಿರಣಿ ತಿರುಗಿಸಲು ಮಧ್ಯಯುಗದಲ್ಲೇ ನದಿಗೆ ಒಡ್ಡು ಹಾಕಿದ್ದರು. ಹಾಗಾಗಿ ಅಂಗಡಿ ನೋಡುತ್ತಾ ನಡೆಯುವಾಗ ಕಾಲ ಕೆಳಗೆ ನೀರು ಧುಮುಕುವ ಸದ್ದು. ಅಲ್ಲಿ ಕಟಕಟೆಗೆ ಒರಗಿ ನಿಂತಿದ್ದಾಗ ಗಾಳಿ ಒಮ್ಮೆ ಜೋರಾಗಿ ಬಂತು. ಅತ್ತೆಯ ಹಸಿರು ಶಾಲು ಹೆಗಲಿಂದ ಎದ್ದು ನೀರಿಗೆ ಬಿತ್ತು. ಅದು ಮಾವನವರು ಕೊಡಿಸಿದ ಶಾಲು. ಅತ್ತೆ ಏನೂ ಹೇಳಲಿಲ್ಲ, ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾ ನಿಂತರು. ಶಾಲು ತೇಲಿ ಹೋಗಿ ಪಾಚಿ ತಡೆಯುವ ಕಬ್ಬಿಣದ ಸರಳುಗಳಿಗೆ ಸಿಕ್ಕಿಕೊಂಡಿತು. ಎದುರು ಮನೆಯಲ್ಲಿ ಕಿಟಕಿಗೆ ಬಣ್ಣ ಹಚ್ಚುತ್ತಿದ್ದ ಹಿರಿಯರೊಬ್ಬರು ಬ್ರಷ್ ಇಟ್ಟು ಒಳಗೆ ಹೋದರು. ಉದ್ದ ಹಿಡಿಯ ಕುಂಟೆ ತಂದರು. ಮಂಡಿ ಊರಿ ಬಗ್ಗಿ, ಎಳೆ ಕಿತ್ತು ಬರದ ಹಾಗೆ, ಮೊದಲು ಪಾಚಿ ಬಿಡಿಸಿ ಆಮೇಲೆ ಶಾಲನ್ನು ಮೆಲ್ಲಗೆ ಎತ್ತಿದರು. ಹಿಂಡಿ, ನಾಲ್ಕು ಮಡಿಕೆ ಮಾಡಿ ಅತ್ತೆಯ ಕೈಗಿಟ್ಟರು. ಕೈಗೆ ಬಿಳಿ ಪೇಂಟ್ ಹತ್ತಿದ್ದನ್ನು ನೋಡಿಕೊಂಡು ಶಾಲಿನ ಅಂಚನ್ನು ಮಾತ್ರ ಹಿಡಿದಿದ್ದರು.

ಶಾಲು ಅವರ ಅಂಗಳದ ತಂತಿಯ ಮೇಲೆ ಒಣಗುವವರೆಗೆ ಅಲ್ಲೇ ಕೂತೆವು. ಮೇಷ್ಟ್ರಾಗಿ ನಿವೃತ್ತರಾದವರು. ಎಲ್ಡರ್ ಹೂವಿನ ಶರಬತ್ತು ಕೊಟ್ಟರು. ನಾನು ಕಂಬದ ವಿಷಯ ಎತ್ತಿದೆ. 1999ರ ಡಿಸೆಂಬರ್ 3ರ ಬಿರುಗಾಳಿಯ ಬಗ್ಗೆ ಹೇಳಿದರು. ಡೆನ್ಮಾರ್ಕ್ ಕಂಡ ಅತ್ಯಂತ ಜೋರಾದ ಗಾಳಿಗಳಲ್ಲಿ ಅದೂ ಒಂದು. ‘ಅವತ್ತು ಸಮುದ್ರ ಇಳಿತದಲ್ಲಿತ್ತು, ಅದಕ್ಕೇ ಏರಿ ಉಳಿಯಿತು’ ಎಂದರು. ‘ಅದೇ ಗಾಳಿ ಭರತದ ಹೊತ್ತಿಗೆ ಬಂದಿದ್ದರೆ ಕಂಬಕ್ಕೆ ಇನ್ನೊಂದು ಪಟ್ಟಿ ಬೇಕಾಗುತ್ತಿತ್ತು.’ ಈಗಲೂ ಗಾಳಿ ಪಶ್ಚಿಮಕ್ಕೆ ತಿರುಗಿದರೆ ರಾತ್ರಿ ಎದ್ದು ನೀರಿನ ಮಟ್ಟ ನೋಡುತ್ತಾರಂತೆ.

ಅಷ್ಟರಲ್ಲಿ ಮಳೆ. ಹತ್ತು ನಿಮಿಷ ಬಂದು, ಬಿಸಿಲು ಬಿದ್ದು, ಮತ್ತೆ ಬಂತು. ಇಲ್ಲಿ ಕೊಡೆ ಪ್ರಯೋಜನವಿಲ್ಲ, ಗಾಳಿಗೆ ತಿರುಚಿಕೊಳ್ಳುತ್ತದೆ. ಟೋಪಿ ಇರುವ ರೈನ್‌ಕೋಟ್ ಇದ್ದರೆ ಸಾಕು. ನಾವು ಯಾಕೋಬ್ ರೀಸ್ ಬೆಳೆದ ಮನೆಗೆ ಹೊಕ್ಕೆವು, ಈಗ ಅದು ಮ್ಯೂಸಿಯಂ. 1849ರಲ್ಲಿ ರೀಬೆಯಲ್ಲಿ ಹುಟ್ಟಿ, ಬಡಗಿ ಕೆಲಸ ಕಲಿತು, 1870ರಲ್ಲಿ ಅಮೆರಿಕಕ್ಕೆ ಹೋದವರು. ನ್ಯೂಯಾರ್ಕಿನ ಬಡವರ ಕೇರಿಗಳ ಫೋಟೊ ತೆಗೆದು ಆ ನಗರದ ಕಣ್ಣು ತೆರೆಸಿದವರು. ಹೊರಡುವ ಮೊದಲು ಊರಿನ ಶ್ರೀಮಂತರ ಮನೆಯ ಹುಡುಗಿಯನ್ನು ಕೇಳಿ ಬೇಡ ಎನ್ನಿಸಿಕೊಂಡಿದ್ದರು. 1876ರಲ್ಲಿ ವಾಪಸ್ ಬಂದು ಇದೇ ಕೆಥೆಡ್ರಲ್ಲಿನಲ್ಲಿ ಅವಳನ್ನೇ ಮದುವೆಯಾದರು.

ಸಂಜೆ ಕೆಫೆಯಲ್ಲಿ ರೈ ಬ್ರೆಡ್ಡಿನ ಕೇಕ್ ತಿಂದೆವು. ನಡುವೆ ಕೆನೆ, ಕಪ್ಪು ಹಣ್ಣಿನ ಜಾಮ್. ಇದು ದಕ್ಷಿಣ ಜಟ್‌ಲ್ಯಾಂಡಿನ ತಿಂಡಿ. 1864ರ ಯುದ್ಧದಲ್ಲಿ ಆ ಭಾಗ ಜರ್ಮನರ ಪಾಲಾಯಿತು, 1920ರವರೆಗೆ ಗಡಿ ರೀಬೆಯ ದಕ್ಷಿಣಕ್ಕೇ ಇತ್ತು. ಗಡಿಯಾಚೆ ಡೇನರ ಸಭಾಭವನಗಳಿಗೆ ಹೆಂಡದ ಪರವಾನಗಿ ಕೊಡುತ್ತಿರಲಿಲ್ಲವಂತೆ. ಅದಕ್ಕೆ ಕಾಫಿ ಇಟ್ಟು, ಮನೆಮನೆಯಿಂದ ಕೇಕ್ ತಂದು ಸಭೆ ಸೇರುತ್ತಿದ್ದರು. ಅತ್ತೆಗೆ ಮೊಟ್ಟೆ ಇಲ್ಲದ ಕೇಕ್ ಇರಲಿಲ್ಲ. ಕೆಫೆಯ ಹೆಂಗಸು ಸ್ಟ್ರಾಬೆರಿ ಬಟ್ಟಲು ಕೊಟ್ಟು ದುಡ್ಡು ತಗೊಳ್ಳಲಿಲ್ಲ.

ನಾಲ್ಕೈದು ಗಂಟೆಗೆ ಟೂರಿಸ್ಟ್ ಬಸ್ಸುಗಳು ಹೊರಟು ಹೋಗುತ್ತವೆ. ಆಮೇಲೆ ಊರು ಊರಿನವರದ್ದಾಗುತ್ತದೆ. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಾಯಿ ಕರೆದುಕೊಂಡು ಹೊರಡುತ್ತಾರೆ. ರೀಬೆಗೆ ಹೋಗುವುದಾದರೆ ದಯವಿಟ್ಟು ಒಂದು ರಾತ್ರಿ ಉಳಿಯಿರಿ.

ರಾತ್ರಿ ಹತ್ತಕ್ಕೆ ವೈಸ್ ಸ್ಟೂ ಎಂಬ ಹಳೆಯ ಹೋಟೆಲಿನ ಮುಂದೆ ರಾತ್ರಿ ಊರು ಕಾಯುವ ಗಸ್ತಿನವರು ಬಂದರು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕೈಯಲ್ಲಿ ಲಾಂದ್ರ, ಇನ್ನೊಂದು ಕೈಯಲ್ಲಿ ಮುಳ್ಳಿನ ತಲೆಯ ಉದ್ದ ಆಯುಧ. ಈ ಕೆಲಸ 1902ರಲ್ಲಿ ನಿಂತುಹೋಗಿತ್ತು, 1930ರ ದಶಕದಲ್ಲಿ ಮತ್ತೆ ಶುರುವಾಯಿತು. ಟಿಕೆಟ್ ಇಲ್ಲ, ಸುಮ್ನೆ ಹಿಂದೆ ನಡೆಯಬೇಕು. ಮೂಲೆ ಮೂಲೆಯಲ್ಲಿ ನಿಂತು ಆ ಗಂಟೆಯ ಪದ್ಯ ಹಾಡುತ್ತಾರೆ. ಮನೆಯವರೇ, ಮಕ್ಕಳೇ, ಮಲಗುವ ಹೊತ್ತಾಯಿತು, ದೀಪ ಬೆಂಕಿ ಜೋಪಾನ ಎಂದು ಅದರ ಅರ್ಥ. ಕಂಬದ ಹತ್ತಿರ ಬಂದಾಗ ಲಾಂದ್ರವನ್ನು ಮೇಲೆತ್ತಿ 1634ರ ಪಟ್ಟಿ ತೋರಿಸಿದರು. ಶಾಲು ತೆಗೆದುಕೊಟ್ಟ ಮೇಷ್ಟ್ರು ಅಲ್ಲೇ ತಮ್ಮ ನಾಯಿಯ ಜೊತೆ ನಿಂತಿದ್ದರು. ಅತ್ತೆಯ ಹೆಗಲ ಮೇಲಿನ ಶಾಲು ನೋಡಿ, ತಲೆ ಆಡಿಸಿ, ಇಡೀ ಪದ್ಯ ಗಸ್ತಿನವರ ಜೊತೆ ಹಾಡಿದರು.

ಭಾನುವಾರ

ಬೆಳಿಗ್ಗೆ ಮಾಂಡೋ ದ್ವೀಪಕ್ಕೆ. ಭಾನುವಾರ ಬಸ್ಸು ಕಡಿಮೆ, ಮನೆಯೊಡತಿಯ ಮಗಳು ವೆಸ್ಟರ್ ವೆಡ್‌ಸ್ಟೆಡ್ ಹಳ್ಳಿಯವರೆಗೆ ಕಾರಿನಲ್ಲಿ ಬಿಟ್ಟಳು. ದಾರಿಯಲ್ಲಿ ತೋಟದ ಮುಂದೆ ಪೆಟ್ಟಿಗೆಯಲ್ಲಿ ಬಟಾಣಿ, ಹೊಸ ಆಲೂಗಡ್ಡೆ ಇಟ್ಟಿದ್ದರು, ಮಾರುವವರಿಲ್ಲ. ಡೇನರು ಫೋನಿನಲ್ಲಿ ದುಡ್ಡು ಹಾಕುತ್ತಾರೆ, ನಮ್ಮಂಥವರ ಹತ್ತಿರ ನಾಣ್ಯ ಇರಬೇಕು. ಇಳಿತದಲ್ಲಿ ತಳ ಕಾಣುವ ಇಲ್ಲಿಯ ಸಮುದ್ರಕ್ಕೆ ವಾಡನ್ ಎಂದು ಹೆಸರು. ಅದರ ಬಗೆಗಿನ ಕೇಂದ್ರದ ಕಟ್ಟಡ ಅಲ್ಲೇ ಇದೆ, ನೋಡಲೇಬೇಕಾದ್ದು. ವಾಸ್ತುಶಿಲ್ಪಿ ಡೋರ್ತೆ ಮಾಂಡ್ರುಪ್ 2017ರಲ್ಲಿ ಮುಗಿಸಿದ್ದು. ಛಾವಣಿಗೆ ಮಾತ್ರ ಅಲ್ಲ, ಗೋಡೆಗೂ ಜೊಂಡು ಹೊದಿಸಿದ್ದಾರೆ.

ದ್ವೀಪಕ್ಕೆ ಸೇತುವೆ ಇಲ್ಲ. ದಿನಕ್ಕೆರಡು ಸಲ ನೀರು ಇಳಿದಾಗ ಸಮುದ್ರದ ತಳವೇ ದಾರಿ. ಟ್ರ್ಯಾಕ್ಟರು ಎಳೆಯುವ ಎತ್ತರದ ಬಸ್ಸಿನಲ್ಲಿ ಹೋಗಬೇಕು. ಹೊರಡುವ ಸಮಯ ದಿನದಿನಕ್ಕೂ ಬದಲಾಗುತ್ತದೆ, ಮೊದಲೇ ವಿಚಾರಿಸಿ ಸೀಟು ಹಿಡಿಯಿರಿ. ನಡುದಾರಿಯಲ್ಲಿ ಚಾಲಕ ನಿಲ್ಲಿಸಿ ಇಳಿಸಿದರು. ಅತ್ತೆ ಚಪ್ಪಲಿ ಬಿಚ್ಚಿ ಸಮುದ್ರದ ತಳದ ಮೇಲೆ ನಡೆದರು. ಕಾಲ ಕೆಳಗೆ ಅಲೆ ಬಿಟ್ಟ ಗೆರೆಗಳು, ಹುಳುಗಳು ಹೊರಗೆ ಹಾಕಿದ ಮರಳಿನ ಪುಟ್ಟ ಸುರುಳಿಗಳು ಸಾವಿರಗಟ್ಟಲೆ. ಕೆಂಪು ಕೊಕ್ಕಿನ ಹಕ್ಕಿಗಳು ಆ ಹುಳುಗಳನ್ನೇ ಹೆಕ್ಕುತ್ತಿದ್ದವು.

ಅತ್ತೆಯ ತವರು ಕುಂದಾಪುರದ ಕಡೆ, ಹೊಳೆಬಾಗಿಲ ಊರು. ಚಾಲಕನನ್ನು ನನ್ನ ಮೂಲಕ ಕೇಳಿಸಿದರು: ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲೂ ನೀರು ಜಾಸ್ತಿ ಬರುತ್ತಾ? ಚಾಲಕ ಟ್ರ್ಯಾಕ್ಟರ್‌ನಿಂದ ಇಳಿದೇ ಬಂದರು. ಬರುತ್ತೆ, ಆದರೆ ಚಂದ್ರನಿಗಿಂತ ಗಾಳಿಯನ್ನೇ ಜಾಸ್ತಿ ನೋಡಬೇಕು ಎಂದರು. ಪಶ್ಚಿಮದ ಗಾಳಿ ಜೋರಾದರೆ ಇಳಿಯಬೇಕಾದ ನೀರು ಇಳಿಯುವುದೇ ಇಲ್ಲ, ಅವತ್ತು ಬಸ್ಸಿಲ್ಲ. ಅತ್ತೆ ಕೋಲಿನಿಂದ ಮರಳಿನ ಮೇಲೆ ತಮ್ಮೂರಿನ ಅಳಿವೆಯ ಚಿತ್ರ ಬರೆದರು. ಅವರು ಪಕ್ಕದಲ್ಲಿ ಏರಿ, ತೂಬು, ರೀಬೆಯ ನದಿ ಬರೆದರು. ಮಿಕ್ಕವರೆಲ್ಲ ಬಸ್ಸು ಹತ್ತಿ ಕೂತು ಕಾದರು.

ಮಾಂಡೋದಲ್ಲಿ ವರ್ಷವಿಡೀ ಇರುವವರು ಮೂವತ್ತು ನಲವತ್ತು ಜನ. ಬೆರಳೆಣಿಕೆಯ ಬೀದಿ, ಒಂದು ಗಾಳಿಗಿರಣಿ, ಕುರಿಗಳು. ತಿಂಡಿ ಕಟ್ಟಿಕೊಂಡು ಹೋಗಿದ್ದು ಒಳ್ಳೆಯದಾಯಿತು. ಏರಿಯ ಹುಲ್ಲಿನ ಮೇಲೆ ಕೂತು ರೈ ಬ್ರೆಡ್, ಚೀಸ್, ಸ್ಟ್ರಾಬೆರಿ ತಿಂದೆವು. ಮಧ್ಯಾಹ್ನ ನೀರು ಮತ್ತೆ ಏರುವ ಮೊದಲು ಬಸ್ಸು ವಾಪಸ್ ಹೊರಟಿತು, ಸಂಜೆಯ ರೈಲು ಆರಾಮವಾಗಿ ಸಿಕ್ಕಿತು. ಇಳಿಯುವಾಗ ಚಾಲಕ ಅತ್ತೆಗೆ ಹೇಳಿ ಕಳಿಸಿದ್ದು: ಮುಂದಿನ ಸಲ ಸೆಪ್ಟೆಂಬರ್ ಕೊನೆಗೆ ಬನ್ನಿ, ಸಂಜೆ ಹೊತ್ತು ಜವುಗು ನೆಲದ ಮೇಲೆ ಸ್ಟಾರ್ಲಿಂಗ್ ಹಕ್ಕಿಗಳು ಲಕ್ಷಗಟ್ಟಲೆ ಸೇರಿ ಆಕಾಶವನ್ನೇ ಮುಚ್ಚುತ್ತವೆ. ಯಜಮಾನರು ರೈಲಿನಲ್ಲೇ ರಜೆಯ ಲೆಕ್ಕ ಹಾಕಿದರು.